ಟೆನಿಸ್ ಪಂದ್ಯದ ನಡುವೆ ಕೋಚ್ ಬಾಯಿ ಹಾಕಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ಪಾಯಿಂಟ್ ಮುಗಿದ ಮೇಲೂ ಆಟಗಾರ ಒಂದೇ ಮೂಲೆಗೆ ತಿರುಗಿ ನೋಡುತ್ತಾನೆ. ಅಲ್ಲಿ ಕೂತವರು ಏನೋ ಸನ್ನೆ ಮಾಡುತ್ತಾರೆ, ಇವನು ತಲೆಯಾಡಿಸುತ್ತಾನೆ. ಈಗ ಟಿವಿಯಲ್ಲಿ ಟೆನಿಸ್ ಹಾಕಿದರೆ ಇದು ಮಾಮೂಲು ದೃಶ್ಯ. ಕೆಲವೇ ವರ್ಷದ ಹಿಂದೆ ಇದೇ ಸನ್ನೆಗೆ ಅಂಪೈರ್ ಎಚ್ಚರಿಕೆ ಕೊಡುತ್ತಿದ್ದರು, ದಂಡ ಬೀಳುತ್ತಿತ್ತು, ಒಂದು ಗ್ರ್ಯಾಂಡ್ ಸ್ಲಾಮ್ ಫೈನಲ್ ಇದರಿಂದಲೇ ಕೆಟ್ಟುಹೋಯಿತು. ಹಾಗಾಗಿ ಟೆನಿಸ್ ನೋಡುವವರು ಸೇರಿದಾಗಲೆಲ್ಲ ಈ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯೋರು ಬೈಯಬಹುದು: ಕೋಚ್‌ಗೆ ಮಾತಾಡಲು ಬಿಟ್ಟಿದ್ದು ಸರಿ, ಅವರ ಕೈಗೆ ಅಂಕಿ-ಅಂಶದ ಪರದೆ ಕೊಟ್ಟಿದ್ದು ಸರಿಯಲ್ಲ.

ಈಗ ಪಂದ್ಯದ ನಡುವೆ ಕೋಚಿಂಗ್ ಮಾಡಬಹುದೋ ಇಲ್ಲವೋ?

ಮಾಡಬಹುದು. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್, ಅಂದರೆ ಐಟಿಎಫ್, 2025ರ ಜನವರಿ 1ರಿಂದ ಇದನ್ನು ಆಟದ ನಿಯಮದಲ್ಲೇ ಸೇರಿಸಿದೆ. ಅದಕ್ಕೂ ಮೊದಲು ಕೆಲವು ವರ್ಷ ಪ್ರಯೋಗ ಅಂತ ನಡೆಯಿತು. ಮಹಿಳೆಯರ ಟೂರ್ ನಡೆಸುವ ಡಬ್ಲ್ಯುಟಿಎ 2020ರಲ್ಲಿ ಗ್ಯಾಲರಿಯಿಂದ ಕೋಚಿಂಗ್ ಮಾಡಲು ಬಿಟ್ಟು ನೋಡಿತು. ಪುರುಷರ ಟೂರ್ ಎಟಿಪಿ ಸ್ವಲ್ಪ ಬಿಗುಮಾನ ಮಾಡಿ 2022ರ ಜುಲೈನಲ್ಲಿ, ವಿಂಬಲ್ಡನ್ ಮುಗಿದ ಮಾರನೇ ದಿನದಿಂದ, ಒಪ್ಪಿಕೊಂಡಿತು. ಅದೇ ವರ್ಷ ಯುಎಸ್ ಓಪನ್ನಿನಲ್ಲೂ ಬಂತು. 2025ರ ಆಸ್ಟ್ರೇಲಿಯನ್ ಓಪನ್ ಹೊತ್ತಿಗೆ ಮೆಲ್ಬರ್ನ್‌ನ ದೊಡ್ಡ ಕೋರ್ಟುಗಳಲ್ಲಿ ಕೋಚ್‌ಗಳಿಗೆ ನೆಲದ ಮಟ್ಟದಲ್ಲೇ, ಕೋರ್ಟಿನ ಮೂಲೆಯಲ್ಲಿ, ಪ್ರತ್ಯೇಕ ಗೂಡು ಮಾಡಿಕೊಟ್ಟಿದ್ದರು. ಕದ್ದು ಸನ್ನೆ ಮಾಡುತ್ತಿದ್ದವರಿಗೆ ಈಗ ಮುಂದಿನ ಸಾಲಿನಲ್ಲೇ ಕುರ್ಚಿ.

ಏನು ಹೇಳಬಹುದು? ಎಷ್ಟು ಹೇಳಬಹುದು?

ಎಟಿಪಿ ಪ್ರಯೋಗ ಶುರುವಾದಾಗ ಹಾಕಿದ ಷರತ್ತುಗಳನ್ನು ನೋಡಿದರೆ ಚಿತ್ರ ಸಿಗುತ್ತದೆ. ಕೋಚ್ ತನಗೆ ಕೊಟ್ಟ ಜಾಗದಲ್ಲೇ ಕೂತಿರಬೇಕು. ಆಟಗಾರ ಕೋಚ್ ಇರುವ ಕಡೆಯ ಅಂಕಣದಲ್ಲಿದ್ದರೆ ಮಾತ್ರ ಬಾಯಿಬಿಟ್ಟು ಹೇಳಬಹುದು, ಅದೂ ಒಂದೆರಡು ಪದ ಅಥವಾ ಚಿಕ್ಕ ವಾಕ್ಯ. ಆ ತುದಿಯಲ್ಲಿದ್ದರೆ ಕೈಸನ್ನೆ ಅಷ್ಟೇ. ಸಂಭಾಷಣೆ ಮಾಡುವ ಹಾಗಿಲ್ಲ. ಆಟಕ್ಕೆ ಅಡ್ಡಿ ಆಗುವ ಹಾಗಿಲ್ಲ. ಆಟಗಾರ ಬಾತ್‌ರೂಮಿಗೋ ಬಟ್ಟೆ ಬದಲಿಸೋದಕ್ಕೋ ಕೋರ್ಟ್ ಬಿಟ್ಟು ಹೋದರೆ ಆಗ ಕೋಚ್ ಅವನ ಜೊತೆ ಮಾತಾಡಲೇಬಾರದು.

ಚೆಂಡು ಆಟದಲ್ಲಿರುವಾಗ ಕೂಗಿ ಹೇಳುವುದಂತೂ ಈಗಲೂ ತಪ್ಪು. ಇದನ್ನು ಎಷ್ಟೋ ಜನ ಮರೆಯುತ್ತಾರೆ. "ಈಗೆಲ್ಲ ಏನು ಬೇಕಾದರೂ ಮಾಡಬಹುದಂತೆ" ಅನ್ನುವುದು ಸುಳ್ಳು.

ಎರಡು ಪದದಿಂದ ಏನಾಗುತ್ತೆ ಸ್ವಾಮಿ?

ಜಾಸ್ತಿಯೇ ಆಗುತ್ತದೆ. ಒಂದು ಪಾಯಿಂಟ್ ಮುಗಿದು ಇನ್ನೊಂದು ಶುರುವಾಗುವುದಕ್ಕೆ 25 ಸೆಕೆಂಡ್ ಇರುತ್ತದೆ. ಅಷ್ಟರಲ್ಲಿ ಆಟಗಾರ ಟವೆಲ್ ತಗೊಂಡು ಮುಖ ಒರೆಸಿ, ಉಸಿರು ಎಳೆದುಕೊಂಡು, ಸರ್ವ್ ಮಾಡುವುದಾದರೆ ಚೆಂಡು ಆರಿಸಿಕೊಂಡು, ಮುಂದಿನ ಪಾಯಿಂಟ್ ಬಗ್ಗೆ ಯೋಚಿಸಬೇಕು. ಈಗ ಒಂದು ಸಂದರ್ಭ ನೋಡಿ. ಎದುರಾಳಿಯ ಎರಡನೇ ಸರ್ವ್ ಪುಟಿದು ನಿಮ್ಮ ಬ್ಯಾಕ್‌ಹ್ಯಾಂಡ್ ಕಡೆ ಭುಜದ ಎತ್ತರಕ್ಕೆ ಏರುತ್ತಿದೆ. ನೀವು ಪ್ರತಿ ಸಲ ಅಲ್ಲೇ ನಿಂತು, ಮೇಲಕ್ಕೆ ಎಳೆದುಕೊಂಡು ಹೊಡೆಯುತ್ತೀರಿ, ಚೆಂಡು ಅರ್ಧ ಕೋರ್ಟಿಗೆ ಬಿದ್ದು ಅವನಿಗೆ ಸುಲಭದ ತುತ್ತಾಗುತ್ತದೆ. ಒಳಗಿರುವ ನಿಮಗೆ "ನನ್ನ ಬ್ಯಾಕ್‌ಹ್ಯಾಂಡ್ ಇವತ್ತು ಸರಿ ಇಲ್ಲ" ಅನ್ನಿಸುತ್ತದೆ. ಹಿಂದೆ ಕೂತವನಿಗೆ ಕಾಣುವುದೇ ಬೇರೆ: ಹೊಡೆತದಲ್ಲಿ ತಪ್ಪಿಲ್ಲ, ನಿಂತ ಜಾಗ ತಪ್ಪು. ಒಂದೋ ಒಂದು ಹೆಜ್ಜೆ ಮುಂದೆ ಬಂದು ಚೆಂಡು ಏರುವ ಮೊದಲೇ ಹೊಡೆಯಬೇಕು, ಇಲ್ಲ ಮೂರು ಹೆಜ್ಜೆ ಹಿಂದೆ ಹೋಗಿ ಇಳಿದ ಮೇಲೆ ಹೊಡೆಯಬೇಕು. ಕೋಚ್ ಅಂಗೈ ತನ್ನ ಎದೆಯ ಕಡೆ ಎಳೆದುಕೊಂಡರೆ ಸಾಕು, ಅರ್ಥ ಆಯಿತು.

ಆದರೆ ಇದನ್ನು ಕೇಳಿ ಮಾಡುವ ತಾಕತ್ತು ಆಟಗಾರನಿಗೆ ಇರಬೇಕು. ಮುಂದೆ ಬಂದು ಹೊಡೆಯುವ ರಿಟರ್ನ್ ಅಭ್ಯಾಸದಲ್ಲಿ ನೂರಾರು ಸಲ ಆಡಿಲ್ಲದಿದ್ದರೆ, ಕೋಚ್ ಇಲ್ಲಿ ಕೈ ಬೀಸಿದ್ದೇ ಬಂತು.

ಹಾಗಿದ್ದರೆ ಮೊದಲು ಯಾಕೆ ನಿಷೇಧ ಇತ್ತು?

ಟೆನಿಸ್ ಅಂದರೆ ಇಬ್ಬರ ನಡುವಿನ ಜಗಳ, ಮೂರನೆಯವರು ಬರಬಾರದು ಅನ್ನುವ ನಂಬಿಕೆ. ಸೋಲುತ್ತಿರುವವನು ತಾನೇ ದಾರಿ ಹುಡುಕಿಕೊಳ್ಳಬೇಕು, ಅದೂ ಆಟದ ಒಂದು ಕೌಶಲ. ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ರೋಜರ್ ಫೆಡರರ್ 2003ರ ಕೊನೆಗೆ ತನ್ನ ಕೋಚ್ ಪೀಟರ್ ಲುಂಡ್‌ಗ್ರೆನ್ ಅವರನ್ನು ಬಿಟ್ಟು, 2004 ಪೂರ್ತಿ ಖಾಯಂ ಕೋಚ್ ಇಲ್ಲದೆ ಆಡಿ ಆಸ್ಟ್ರೇಲಿಯನ್ ಓಪನ್, ವಿಂಬಲ್ಡನ್, ಯುಎಸ್ ಓಪನ್ ಮೂರನ್ನೂ ಗೆದ್ದರು. ಅಂಥ ತಲೆ ಇದ್ದವರಿಗೆ ನಿಷೇಧ ಒಂದು ಲಾಭವೇ ಆಗಿತ್ತು, ಅಲ್ವಾ? ಎದುರಿಗಿರುವವನಿಗೆ ಯಾರೂ ಹೇಳಿಕೊಡುವ ಹಾಗಿಲ್ಲವಲ್ಲ.

ನಿಷೇಧ ಇದ್ದಾಗ ನಿಜವಾಗಲೂ ಯಾರೂ ಮಾಡುತ್ತಿರಲಿಲ್ಲವಾ?

ಎಲ್ಲರೂ ಮಾಡುತ್ತಿದ್ದರು ಅನ್ನುವಷ್ಟು ಮಟ್ಟಿಗೆ ಮಾಡುತ್ತಿದ್ದರು. ಅಂಪೈರ್ ಚಾಪೆ ಕೆಳಗೆ ತೂರಿದರೆ ಕೋಚ್‌ಗಳು ರಂಗೋಲಿ ಕೆಳಗೆ ತೂರುತ್ತಿದ್ದರು.

2006ರ ಯುಎಸ್ ಓಪನ್ ಫೈನಲ್ ನೆನಪಿದೆಯಾ? ಮರಿಯಾ ಶರಪೋವಾ ಆಡುತ್ತಿದ್ದಾಗ ಅವರ ಅಪ್ಪ ಯೂರಿ ಬಾಕ್ಸಿನಲ್ಲಿ, ಅಂದರೆ ಆಟಗಾರರ ಕಡೆಯವರಿಗೆ ಮೀಸಲಾದ ಜಾಗದಲ್ಲಿ, ಕೂತು ಬಾಳೆಹಣ್ಣು ಎತ್ತಿ ತೋರಿಸಿದ್ದು, ಅಭ್ಯಾಸದ ಜೊತೆಗಾರ ಮೈಕಲ್ ಜಾಯ್ಸ್ ನಾಲ್ಕು ಬೆರಳು ತೋರಿಸಿದ್ದು ಕ್ಯಾಮೆರಾಕ್ಕೆ ಸಿಕ್ಕಿತು. ಜಸ್ಟಿನ್ ಹೆನಿನ್ ವಿರುದ್ಧ ಗೆದ್ದು ಬಂದ ಶರಪೋವಾಗೆ ಪತ್ರಿಕಾಗೋಷ್ಠಿಯಲ್ಲಿ ಕಪ್‌ಗಿಂತ ಬಾಳೆಹಣ್ಣಿನ ಪ್ರಶ್ನೆಯೇ ಕಾಟ ಕೊಟ್ಟಿತು. ಹಣ್ಣು ತಿನ್ನು ಅಂತ ನೆನಪಿಸಿದ್ದೋ, ಆಟಕ್ಕೆ ಏನಾದರೂ ಸಂಕೇತವೋ, ಅವರವರ ಊಹೆಗೆ ಬಿಟ್ಟಿದ್ದು.

ರಫೆಲ್ ನಡಾಲ್‌ಗೆ 2010ರ ವಿಂಬಲ್ಡನ್‌ನಲ್ಲಿ ಫಿಲಿಪ್ ಪೆಟ್ಜ್‌ಶ್ನರ್ ವಿರುದ್ಧದ ಪಂದ್ಯದಲ್ಲಿ ಕೋಚಿಂಗ್ ಕಾರಣಕ್ಕೆ 2,000 ಡಾಲರ್ ದಂಡ ಬಿತ್ತು. ಚಿಕ್ಕಪ್ಪ ಟೋನಿ ಆಗಾಗ ಹೇಳಿಕೊಡುತ್ತಿದ್ದರು ಅನ್ನುವುದು ಟೂರ್‌ನಲ್ಲಿ ಗುಟ್ಟೇನೂ ಆಗಿರಲಿಲ್ಲ. ನಡಾಲ್ ಆಗ ಗಳಿಸುತ್ತಿದ್ದ ಹಣಕ್ಕೆ 2,000 ಡಾಲರ್ ಯಾವ ಲೆಕ್ಕ.

ಇನ್ನು 2022ರ ಆಸ್ಟ್ರೇಲಿಯನ್ ಓಪನ್ ಸೆಮಿಫೈನಲ್. ಅದಂತೂ ಸಿನಿಮಾ. ಸ್ಟೆಫಾನೋಸ್ ಸಿಟ್ಸಿಪಾಸ್ ಅಪ್ಪ ಅಪೊಸ್ಟೊಲೋಸ್ ಬಾಕ್ಸಿನಿಂದ ಗ್ರೀಕ್ ಭಾಷೆಯಲ್ಲಿ ಸತತವಾಗಿ ಮಾತಾಡುತ್ತಾರೆ ಅಂತ ಡೇನಿಯಲ್ ಮೆಡ್ವೆಡೆವ್ ಅಂಪೈರ್ ಮೇಲೆ ರೇಗಾಡಿದರು. ಅಂಪೈರ್‌ಗೆ ಗ್ರೀಕ್ ಬರಲ್ಲ, ಏನು ಮಾಡೋದು? ಆಯೋಜಕರು ಗ್ರೀಕ್ ಬಲ್ಲ ಅಂಪೈರ್ ಇವಾ ಅಸ್ಡೆರಾಕಿ ಅವರನ್ನು ಕರೆತಂದು, ಆ ಬಾಕ್ಸಿನ ಕೆಳಗಿನ ಸುರಂಗದಲ್ಲಿ ಕಿವಿಗೊಟ್ಟು ನಿಲ್ಲಿಸಿದರು! ಸ್ವಲ್ಪ ಹೊತ್ತಿನಲ್ಲೇ ಸಿಟ್ಸಿಪಾಸ್‌ಗೆ ಎಚ್ಚರಿಕೆ ಬಂತು. ಒಂದು ನಿಯಮ ಕಾಪಾಡೋದಕ್ಕೆ ಹೀಗೆ ಅಡಗಿ ನಿಂತು ಕದ್ದು ಕೇಳಬೇಕು ಅಂದರೆ ಆ ನಿಯಮಕ್ಕೆ ಮರ್ಯಾದೆ ಎಲ್ಲಿ ಉಳಿಯಿತು. ಆರೇ ತಿಂಗಳಲ್ಲಿ ಎಟಿಪಿ ಪ್ರಯೋಗ ಘೋಷಿಸಿದ್ದು ನನಗೇನೂ ಆಶ್ಚರ್ಯ ತರಲಿಲ್ಲ.

2018ರ ಸೆರೆನಾ ಗಲಾಟೆ ಏನು? ಈಗಲೂ ಎರಡು ಪಂಗಡ ಇದೆಯಲ್ಲ?

ಇದೆ, ಇರುತ್ತದೆ. ಆದರೆ ಎರಡೂ ಪಂಗಡದವರು ನಡೆದದ್ದನ್ನು ಅನುಕ್ರಮದಲ್ಲಿ ಹೇಳುವುದಿಲ್ಲ. ಹೇಳಿದರೆ ವಾದದ ಬಿಸಿ ಇಳಿಯುತ್ತದೆ.

2018ರ ಸೆಪ್ಟೆಂಬರ್ 8, ಯುಎಸ್ ಓಪನ್ ಫೈನಲ್. ಸೆರೆನಾ ವಿಲಿಯಮ್ಸ್ ಎದುರು ಜಪಾನಿನ 20 ವರ್ಷದ ನವೊಮಿ ಒಸಾಕಾ. ಮೊದಲ ಸೆಟ್ 6-2ರಿಂದ ಒಸಾಕಾ ಪಾಲಾಗಿತ್ತು. ಎರಡನೇ ಸೆಟ್ ಶುರುವಿನಲ್ಲೇ ಸೆರೆನಾ ಕೋಚ್ ಪ್ಯಾಟ್ರಿಕ್ ಮೊರಾಟೊಗ್ಲು ಬಾಕ್ಸಿನಿಂದ ಎರಡೂ ಕೈಯಲ್ಲಿ ಸನ್ನೆ ಮಾಡಿದ್ದನ್ನು ಅಂಪೈರ್ ಕಾರ್ಲೋಸ್ ರಾಮೋಸ್ ಕಂಡು ಎಚ್ಚರಿಕೆ ಕೊಟ್ಟರು. ಬರೀ ಎಚ್ಚರಿಕೆ, ಪಾಯಿಂಟ್ ಹೋಗಿರಲಿಲ್ಲ. ಗೆಲ್ಲೋದಕ್ಕೆ ಮೋಸ ಮಾಡೋಳಲ್ಲ ನಾನು, ಅದಕ್ಕಿಂತ ಸೋಲುತ್ತೇನೆ ಅಂತ ಸೆರೆನಾ ಅಂಪೈರ್ ಬಳಿ ಹೋಗಿ ಹೇಳಿದರು. ಆಟ ಮುಂದುವರಿಯಿತು, 3-1ರಿಂದ ಮುಂದೂ ಇದ್ದರು. ಆಮೇಲೆ ಸರ್ವ್ ಕಳೆದುಕೊಂಡ ಸಿಟ್ಟಿಗೆ ರಾಕೆಟ್ ನೆಲಕ್ಕೆ ಬಡಿದು ಮುರಿದರು. ಅದು ಎರಡನೇ ತಪ್ಪು, ಒಂದು ಪಾಯಿಂಟ್ ಹೋಯಿತು. ಆ ಮೊದಲ ಎಚ್ಚರಿಕೆಯೇ ಅನ್ಯಾಯ ಅಂತ ವಾದ ಬೆಳೆದು, 3-4ರಲ್ಲಿ ಅಂಪೈರ್‌ಗೆ ಕಳ್ಳ ಅಂದರು. ಮೂರನೇ ತಪ್ಪು, ಪೂರ್ತಿ ಒಂದು ಗೇಮ್ ಒಸಾಕಾಗೆ. ಸ್ಕೋರ್ 3-5. ಕೊನೆಗೆ ಒಸಾಕಾ 6-2, 6-4ರಿಂದ ಗೆದ್ದು, ಬಹುಮಾನ ವೇದಿಕೆಯಲ್ಲಿ ಜನರ ಕೂಗಿಗೆ ಮುಖ ಮುಚ್ಚಿಕೊಂಡು ಅತ್ತರು. ಸೆರೆನಾಗೆ ಒಟ್ಟು 17,000 ಡಾಲರ್ ದಂಡ ಬಿತ್ತು. ಅದರಲ್ಲಿ ಕೋಚಿಂಗ್ ಪಾಲು 4,000, ರಾಕೆಟ್‌ಗೆ 3,000, ಉಳಿದ 10,000 ಬಾಯಿಮಾತಿಗೆ.

ಈ ಕಥೆಯ ತಮಾಷೆ ಏನು ಗೊತ್ತಾ? ಪಂದ್ಯ ಮುಗಿದ ತಕ್ಷಣ ಮೊರಾಟೊಗ್ಲು ಟಿವಿಯವರ ಮುಂದೆ ಹೌದು, ನಾನು ಕೋಚಿಂಗ್ ಮಾಡುತ್ತಿದ್ದೆ, ಎಲ್ಲ ಕೋಚ್‌ಗಳೂ ಮಾಡುತ್ತಾರೆ, ಅವಳು ನನ್ನ ಕಡೆ ನೋಡಲಿಲ್ಲ ಅಂತ ಒಪ್ಪಿಕೊಂಡುಬಿಟ್ಟರು. ಅಂದರೆ ರಾಮೋಸ್ ಕಂಡಿದ್ದು ಸುಳ್ಳಲ್ಲ. ಸೆರೆನಾಗೆ ಬಂದ ಸಿಟ್ಟೂ ಸುಳ್ಳಲ್ಲ, ಯಾಕಂದರೆ ಅವರು ಆ ಸನ್ನೆ ನೋಡಿಯೇ ಇರಲಿಲ್ಲವೇನೋ. ನಿಯಮ ಹಾಗಿತ್ತು: ಕೋಚ್ ಮಾಡಿದ್ದಕ್ಕೆ ಆಟಗಾರ್ತಿಗೆ ಶಿಕ್ಷೆ, ನೋಡಿರಲಿ ಬಿಡಲಿ. ಹತ್ತರಲ್ಲಿ ಒಂಬತ್ತು ಸಲ ಕಂಡೂ ಕಾಣದ ಹಾಗೆ ಇದ್ದು, ಹತ್ತನೇ ಸಲ ಫೈನಲ್‌ನಲ್ಲಿ ಹಿಡಿದರೆ ಯಾರಿಗಾದರೂ ಉರಿಯುತ್ತದೆ. ನನ್ನ ದೃಷ್ಟಿಯಲ್ಲಿ ಕೋಚಿಂಗ್ ಬಿಟ್ಟುಕೊಡೋದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಒಂದೇ ತಪ್ಪನ್ನು ಒಬ್ಬ ಅಂಪೈರ್ ಹಿಡಿದು ಇನ್ನೊಬ್ಬರು ಬಿಡುವುದೇ ದೊಡ್ಡ ಅನ್ಯಾಯ. ರಾಕೆಟ್ ಮುರಿದದ್ದು, ಬೈದದ್ದು ಬೇರೆ ಲೆಕ್ಕ, ಅದಕ್ಕೆ ಕೋಚಿಂಗ್ ನಿಯಮ ಹೊಣೆಯಲ್ಲ.

ಮಹಿಳೆಯರ ಪಂದ್ಯದಲ್ಲಿ ಕೋಚ್ ಕೋರ್ಟಿಗೇ ಬಂದು ಪಕ್ಕದಲ್ಲಿ ಕೂರುತ್ತಿದ್ದರಲ್ಲ?

ಹೌದು, ಅದು ಹಳೆಯ ವ್ಯವಸ್ಥೆ. ಡಬ್ಲ್ಯುಟಿಎ ಟೂರ್ನಿಗಳಲ್ಲಿ ಸೆಟ್‌ಗೆ ಒಂದು ಸಲ ಕೋಚನ್ನು ಕರೆಯಬಹುದಿತ್ತು. ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ ಇರಲಿಲ್ಲ. ಕೋಚ್ ಅಂಗಿಗೆ ಮೈಕ್ ಸಿಕ್ಕಿಸಿರುತ್ತಿದ್ದರು, ಮಾತೆಲ್ಲ ಟಿವಿಯಲ್ಲಿ ಬರುತ್ತಿತ್ತು. ನೋಡುವವರಿಗೆ ಮಜಾ, ಆಟಗಾರ್ತಿಗೆ ಎಷ್ಟೋ ಸಲ ಮುಜುಗರ.

2017ರ ಮಯಾಮಿ ಟೂರ್ನಿಯಲ್ಲಿ ಜೊಹಾನಾ ಕೊಂಟಾ ವಿರುದ್ಧ ಆಡುವಾಗ ಸಿಮೋನಾ ಹಾಲೆಪ್ ಕೋಚ್ ಡ್ಯಾರೆನ್ ಕೇಹಿಲ್ ಅವರನ್ನು ಕರೆದರು. ಕೇಹಿಲ್ ಬಂದು ಕೂತು ತಂತ್ರ ಹೇಳುವುದು ಬಿಟ್ಟು ಅವರ ಮನೋಭಾವದ ಬಗ್ಗೆ ಮಾತಾಡಬೇಕಾಯಿತು. ಹಾಲೆಪ್ ತಮ್ಮನ್ನು ತಾವೇ ಶಪಿಸಿಕೊಂಡು, ಆಟ ಕೈಬಿಟ್ಟವರ ಹಾಗೆ ಇದ್ದರು. ಆ ಟೂರ್ನಿ ಮುಗಿದ ಮೇಲೆ ಕೇಹಿಲ್ ಕೆಲಸ ನಿಲ್ಲಿಸಿಬಿಟ್ಟರು. ಹಾಲೆಪ್ ಬದಲಾದರು, ಕೆಲವು ವಾರದ ನಂತರ ಕೇಹಿಲ್ ವಾಪಸ್ ಬಂದರು, ಮಾರನೇ ವರ್ಷ ಹಾಲೆಪ್ ಫ್ರೆಂಚ್ ಓಪನ್ ಗೆದ್ದರು. ಕೋಚ್ ಬಂದು ಕೂತರೆ ಆಟಗಾರ್ತಿ ದುರ್ಬಲಳು ಅನ್ನುವ ಟೀಕೆ ಆಗ ಬಹಳ ಇತ್ತು. ಪುರುಷರಿಗೆ ಬೇಡ, ಹೆಂಗಸರಿಗೆ ಮಾತ್ರ ಬೇಕು ಅನ್ನುವ ಹಾಗೆ ಕಾಣುತ್ತದೆ ಅನ್ನುವ ಮಾತೂ ಇತ್ತು, ಅದು ತೀರಾ ತಪ್ಪು ಮಾತಲ್ಲ. ಈಗ ಇಬ್ಬರಿಗೂ ಒಂದೇ ನಿಯಮ, ಆ ತಕರಾರು ಮುಗಿಯಿತು.

ಬೇರೆ ಆಟಗಳಲ್ಲಿ ಹೇಗೆ?

ಬ್ಯಾಡ್ಮಿಂಟನ್ ನೋಡಿ. ಕೋಚ್ ಕೋರ್ಟಿನ ಹಿಂದೆ ಕುರ್ಚಿ ಹಾಕಿಕೊಂಡೇ ಕೂತಿರುತ್ತಾರೆ, ರ್‍ಯಾಲಿಗಳ ನಡುವೆ ಹೇಳುತ್ತಾರೆ, 11 ಪಾಯಿಂಟ್ ಆದಾಗ ಸಿಗುವ ವಿರಾಮದಲ್ಲಿ ಹತ್ತಿರ ಬಂದು ಪೂರ್ತಿ ಪಾಠ ಮಾಡುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಲಕ್ಷ್ಯ ಸೇನ್ ಹಿಂದಿನ ಕುರ್ಚಿಯಲ್ಲಿ ಇದ್ದವರು ನಮ್ಮ ಪ್ರಕಾಶ್ ಪಡುಕೋಣೆ. ಅವರಿಗಿಂತ ದೊಡ್ಡ ಗುರು ಯಾರು ಸಿಗುತ್ತಾರೆ ಹೇಳಿ. ಆದರೂ ಸೆಮಿಫೈನಲ್‌ನಲ್ಲಿ ಲಕ್ಷ್ಯ ವಿಕ್ಟರ್ ಅಕ್ಸೆಲ್ಸನ್ ವಿರುದ್ಧ ಮೊದಲ ಗೇಮ್ 20-17, ಎರಡನೇ ಗೇಮ್ 7-0 ಮುಂದಿದ್ದೂ ಸೋತರು, ಕಂಚಿನ ಪಂದ್ಯದಲ್ಲಿ ಮೊದಲ ಗೇಮ್ ಗೆದ್ದೂ ಸೋತರು. ಆಟಗಾರರೇ ಜವಾಬ್ದಾರಿ ಹೊರಬೇಕು ಅಂತ ಪ್ರಕಾಶ್ ಆಮೇಲೆ ನೇರವಾಗಿಯೇ ಹೇಳಿದರು. ಕೋಚ್ ಹೇಳಿಕೊಟ್ಟರೆ ಆಟಗಾರ ಗೊಂಬೆ ಆಗಿಬಿಡುತ್ತಾನೆ ಅನ್ನುವವರು ಆ ಎರಡು ಪಂದ್ಯ ಮತ್ತೆ ನೋಡಬೇಕು.

ಬಾಕ್ಸಿಂಗ್‌ನಲ್ಲಿ ಪ್ರತಿ ಸುತ್ತಿನ ನಡುವೆ ಮೂಲೆಯಲ್ಲಿ ಹೇಳಿಕೊಡುತ್ತಾರೆ. ಗಾಲ್ಫ್‌ನಲ್ಲಿ ಬ್ಯಾಗ್ ಹೊತ್ತು ಸಲಹೆ ಕೊಡುವ ಕ್ಯಾಡಿ ಇದ್ದಾನೆ. ಕ್ರಿಕೆಟ್‌ನಲ್ಲಿ ನೀರು ತರುವ ಹನ್ನೆರಡನೇ ಆಟಗಾರ ಬರೀ ನೀರು ತರುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಒಬ್ಬಂಟಿಯಾಗಿ ಆಡಲೇಬೇಕಾದ್ದು ಚೆಸ್.

ದೊಡ್ಡ ಆಟಗಾರರೇ ವಿರೋಧಿಸುತ್ತಾರಲ್ಲ, ಅವರಿಗೆ ಗೊತ್ತಾಗಲ್ವಾ?

ಗೊತ್ತಾಗುತ್ತದೆ, ಅದಕ್ಕೇ ಅವರ ಮಾತು ಕೇಳಬೇಕು. ಟೇಲರ್ ಫ್ರಿಟ್ಜ್ 2024ರಲ್ಲಿ ಐಟಿಎಫ್ ನಿರ್ಧಾರ ಬಂದಾಗ, ಒಬ್ಬರಿಗೊಬ್ಬರು ತಲೆ ಓಡಿಸಿ ಆಡುವ ಗುಣವನ್ನೇ ಹಾಳು ಮಾಡುತ್ತಿದ್ದೀರಿ ಅಂತ ಬೇಸರ ಹೇಳಿಕೊಂಡರು. ನಿಕ್ ಕಿರಿಯೋಸ್ ಕೂಡ 2022ರಲ್ಲಿ ಹೆಚ್ಚುಕಡಿಮೆ ಇದನ್ನೇ ಅಂದಿದ್ದರು. ಕಿರಿಯೋಸ್ ಬಾಯಲ್ಲಿ ಈ ಮಾತು ಸ್ವಲ್ಪ ನಗು ತರಿಸುತ್ತದೆ. ಅದೇ ವರ್ಷ ವಿಂಬಲ್ಡನ್ ಫೈನಲ್ ಪೂರ್ತಿ ಅವರು ತಮ್ಮ ಬಾಕ್ಸಿನ ಕಡೆ ತಿರುಗಿ ಕೂಗಾಡಿದ್ದನ್ನು ಜಗತ್ತೇ ನೋಡಿದೆ. ಆಟಗಾರ ಬಾಕ್ಸಿಗೆ ಏನು ಬೇಕಾದರೂ ಅನ್ನಬಹುದು, ಅಲ್ಲಿಂದ ಒಂದು ಪದ ವಾಪಸ್ ಬಂದರೆ ಅಪರಾಧ, ಇದು ಯಾವ ನ್ಯಾಯ?

ಫೆಡರರ್ ವಿರೋಧಕ್ಕೆ ಮಾತ್ರ ತೂಕ ಇದೆ. ಎಲ್ಲ ಆಟಗಾರರಿಗೂ ಕೋಚ್ ಇಟ್ಟುಕೊಳ್ಳುವಷ್ಟು ಅನುಕೂಲ ಇರುವುದಿಲ್ಲ ಅನ್ನುವುದು ಅವರ ವಾದದ ಒಂದು ಭಾಗ. ಇದಕ್ಕೆ ಸುಮ್ನೆ ಉತ್ತರ ಕೊಟ್ಟು ಮುಂದೆ ಹೋಗಲು ಆಗುವುದಿಲ್ಲ.

ಸರಿ, ದುಡ್ಡಿಲ್ಲದವರ ಗತಿ ಏನು?

ಈ ಇಡೀ ಚರ್ಚೆಯಲ್ಲಿ ನನಗೆ ನಿಜವಾಗಲೂ ಕಷ್ಟದ ಪ್ರಶ್ನೆ ಇದೊಂದೇ.

ಸುಮಿತ್ ನಗಾಲ್ 2017ರಲ್ಲಿ ನಮ್ಮ ಬೆಂಗಳೂರಿನಲ್ಲೇ ಚಾಲೆಂಜರ್, ಅಂದರೆ ಎಟಿಪಿ ಟೂರ್‌ಗಿಂತ ಒಂದು ಹಂತ ಕೆಳಗಿನ ಟೂರ್ನಿ, ಗೆದ್ದವರು. 2023ರ ಸೆಪ್ಟೆಂಬರ್‌ನಲ್ಲಿ, ದೇಶದ ನಂಬರ್ 1 ಸಿಂಗಲ್ಸ್ ಆಟಗಾರನಾಗಿದ್ದಾಗ, ಬ್ಯಾಂಕಿನಲ್ಲಿ ಉಳಿದಿರುವುದು 900 ಯೂರೋ ಅಂತ ಹೇಳಿದ್ದರು. ಆಗಿನ ಲೆಕ್ಕಕ್ಕೆ 80 ಸಾವಿರ ರೂಪಾಯಿ ಆಸುಪಾಸು. ಗಳಿಸಿದ್ದೆಲ್ಲ ಟೂರ್ ತಿರುಗಾಟಕ್ಕೆ ಖರ್ಚು. ಅವರ ಜೊತೆ ಒಬ್ಬ ಕೋಚ್ ಮಾತ್ರ ತಿರುಗುತ್ತಿದ್ದರು, ಫಿಸಿಯೋ ಇಲ್ಲ, ಬೇರೆ ಯಾರೂ ಇಲ್ಲ. ಅದಾದ ನಾಲ್ಕು ತಿಂಗಳಿಗೆ 2024ರ ಆಸ್ಟ್ರೇಲಿಯನ್ ಓಪನ್ ಮೊದಲ ಸುತ್ತಿನಲ್ಲಿ 31ನೇ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ಮೂರೇ ಸೆಟ್‌ನಲ್ಲಿ ಸೋಲಿಸಿದರು. 1989ರಲ್ಲಿ ರಮೇಶ್ ಕೃಷ್ಣನ್ ಮ್ಯಾಟ್ಸ್ ವಿಲಾಂಡರ್ ಅವರನ್ನು ಸೋಲಿಸಿದ ಮೇಲೆ ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್‌ನಲ್ಲಿ ಶ್ರೇಯಾಂಕಿತರ ವಿರುದ್ಧ ಭಾರತೀಯ ಪುರುಷನೊಬ್ಬ ಗೆದ್ದದ್ದು ಅದೇ ಮೊದಲು.

ನಗಾಲ್ ಸ್ಥಿತಿಯೇ ಹೀಗಿದ್ದರೆ 400ನೇ ರ್‍ಯಾಂಕಿನವನ ಕಥೆ ಕೇಳಬೇಡಿ. ಕೋಚ್ ಅಂದರೆ ಸಂಬಳ ಒಂದೇ ಅಲ್ಲ. ಅವರ ವಿಮಾನ, ಹೋಟೆಲ್, ಊಟ, ವೀಸಾ ಎಲ್ಲ ಆಟಗಾರನದೇ. ಕಬ್ಬನ್ ಪಾರ್ಕಿನ ಟೆನಿಸ್ ಕ್ರೀಡಾಂಗಣದಲ್ಲಿ ಚಾಲೆಂಜರ್ ನಡೆಯುವಾಗ ಮುಖ್ಯ ಕೋರ್ಟ್ ಬಿಟ್ಟು ಅರ್ಹತಾ ಸುತ್ತಿನ ಪಂದ್ಯ ನಡೆಯುವ ಹಿಂದಿನ ಕೋರ್ಟಿಗೆ ಹೋಗಿ ಕೂತು ನೋಡಿ, ನಿಮಗೇ ತಿಳಿಯುತ್ತದೆ. ನಾನು ನೋಡಿದ ಒಂದು ಪಂದ್ಯದಲ್ಲಿ ಒಬ್ಬನ ಕಡೆ ಕೋಚ್, ಫಿಸಿಯೋ ಇಬ್ಬರೂ ಇದ್ದರು. ಪ್ರತಿ ಎರಡು ಪಾಯಿಂಟ್‌ಗೆ ಒಂದು ಮಾತು, ಒಂದು ಚಪ್ಪಾಳೆ. ಇನ್ನೊಬ್ಬನ ಕಡೆ ಕುರ್ಚಿ ಖಾಲಿ. ಅವನು ಬದಿ ಬದಲಿಸುವಾಗ ಬ್ಯಾಗಿನಿಂದ ಒಂದು ಚಿಕ್ಕ ನೋಟ್‌ಬುಕ್ ತೆಗೆದು, ಬೆರಳಿಟ್ಟು ಒಂದೊಂದೇ ಸಾಲು ಓದಿ, ಮತ್ತೆ ಒಳಗಿಟ್ಟು, ಎದ್ದು ಹೋಗುತ್ತಿದ್ದ. ನೋಟ್‌ಬುಕ್ ಅವನಿಗೆ ನಿನ್ನೆ ರಾತ್ರಿ ಹೊಳೆದದ್ದನ್ನು ಹೇಳುತ್ತದೆ. ಈಗ ಎದುರಾಳಿ ಬದಲಿಸಿದ ತಂತ್ರವನ್ನು ಹೇಳಲ್ಲ.

ಹಾಗಂತ ನಿಷೇಧ ಇದ್ದರೆ ಸರಿಹೋಗುತ್ತಿತ್ತಾ? ಇಲ್ಲ. ಹಿಂದೆಯೂ ಕೋಚ್ ಇದ್ದವರೇ ಕದ್ದು ಕೇಳಿಸಿಕೊಳ್ಳುತ್ತಿದ್ದರು, ಇಲ್ಲದವರಿಗೆ ಕದಿಯೋದಕ್ಕೂ ಏನೂ ಇರಲಿಲ್ಲ. ಬಡವ–ಬಲ್ಲಿದ ಅಂತರ ಇರುವುದು ವರ್ಷದ ಉಳಿದ ದಿನಗಳ ಅಭ್ಯಾಸದಲ್ಲಿ, ಪಂದ್ಯದ ಎರಡು ಗಂಟೆಯಲ್ಲಿ ಅಲ್ಲ. ನನ್ನನ್ನು ಕೇಳಿದರೆ ಸಣ್ಣ ಟೂರ್ನಿಗಳಲ್ಲಿ ಕೋಚ್ ಇಲ್ಲದವರಿಗೆ ಆಯೋಜಕರೇ, ಇಲ್ಲ ಆ ದೇಶದ ಫೆಡರೇಷನ್ನೇ, ಒಬ್ಬ ಕೋಚ್ ಕೊಡಬೇಕು. ಧಾರವಾಡ, ಕಲಬುರಗಿಯಲ್ಲಿ ಐಟಿಎಫ್ ಟೂರ್ನಿ ನಡೆದಾಗ ನಮ್ಮ ರಾಜ್ಯದ ಹುಡುಗರು ನಾಲ್ಕೈದು ಜನ ಸೇರಿ ಒಬ್ಬರನ್ನೇ ಹಂಚಿಕೊಂಡರೂ ಸಾಕು, ಶೂನ್ಯಕ್ಕಿಂತ ವಾಸಿ.

ಡೇವಿಸ್ ಕಪ್‌ನಲ್ಲಿ ಕ್ಯಾಪ್ಟನ್ ಪಕ್ಕದಲ್ಲೇ ಕೂತಿರುತ್ತಾರಲ್ಲ?

ಕೂತಿರುತ್ತಾರೆ, ಮೊದಲಿಂದಲೂ. ಡೇವಿಸ್ ಕಪ್ ಅಂದರೆ ದೇಶ-ದೇಶಗಳ ನಡುವಿನ ತಂಡದ ಟೂರ್ನಿ, ಅಲ್ಲಿ ಕ್ಯಾಪ್ಟನ್ ಆಡದೆ ಬೆಂಚಿನಲ್ಲಿ ಕೂತು ಹೇಳಿಕೊಡುತ್ತಾರೆ. "ಟೆನಿಸ್ ಪರಂಪರೆ ಅಂದರೆ ಒಬ್ಬಂಟಿ ಆಟ" ಅನ್ನುವವರು ಈ ಪರಂಪರೆಯನ್ನು ಯಾಕೋ ಮರೆತುಬಿಡುತ್ತಾರೆ. 2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಭಾರತ ಸರ್ಬಿಯಾ ವಿರುದ್ಧ ಆಡಿದಾಗ ಬೆಂಚಿನಲ್ಲಿ ಇದ್ದ ಕ್ಯಾಪ್ಟನ್ ಆನಂದ್ ಅಮೃತರಾಜ್. ಡಬಲ್ಸ್‌ನಲ್ಲಿ ಲಿಯಾಂಡರ್ ಪೇಸ್, ನಮ್ಮ ಕೊಡಗಿನ ರೋಹನ್ ಬೋಪಣ್ಣ ಮೊದಲೆರಡು ಸೆಟ್ ಸೋತು, ಐದನೇ ಸೆಟ್ 8-6ರಿಂದ ಗೆದ್ದರು. ಪ್ರತಿ ಸಲ ಬದಿ ಬದಲಿಸುವಾಗಲೂ ಕ್ಯಾಪ್ಟನ್ ಜೊತೆ ಮಾತು ನಡೆಯುತ್ತಿತ್ತು. ಆ ಗೆಲುವು ಕ್ಯಾಪ್ಟನ್‌ದು ಅಂತ ಯಾರೂ ಅನ್ನಲಿಲ್ಲ, ಪೇಸ್-ಬೋಪಣ್ಣ ಗೆದ್ದರು ಅಂತಲೇ ಅಂದರು. ಕೊನೆಗೆ ಭಾರತ 2-3ರಿಂದ ಸೋತಿತು ಅನ್ನೋದು ಬೇರೆ ಮಾತು.

ಅಮೆರಿಕದ ಕಾಲೇಜು ಟೆನಿಸ್‌ನಲ್ಲೂ ಕೋಚ್ ಕೋರ್ಟಿನಲ್ಲೇ ಇರುತ್ತಾರೆ. ಆ ಸರ್ಬಿಯಾ ಸರಣಿಯಲ್ಲಿ ಆಡಿದ್ದ ಸೋಮದೇವ್ ದೇವವರ್ಮನ್ ಕಾಲೇಜು ಟೆನಿಸ್‌ನಲ್ಲೇ ಬೆಳೆದವರು, ವರ್ಜೀನಿಯಾ ವಿಶ್ವವಿದ್ಯಾಲಯದ ಪರ 2007 ಮತ್ತು 2008ರಲ್ಲಿ ಅಲ್ಲಿನ ಕಾಲೇಜು ಚಾಂಪಿಯನ್‌ಷಿಪ್ ಆದ ಎನ್‌ಸಿಎಎ ಸಿಂಗಲ್ಸ್ ಗೆದ್ದರು.

ಡಬಲ್ಸ್‌ಗೆ ಇದರಿಂದ ವ್ಯತ್ಯಾಸ ಆಗುತ್ತಾ?

ಕಡಿಮೆ. ಇಬ್ಬರೂ ಪ್ರತಿ ಪಾಯಿಂಟ್‌ಗೂ ಮಾತಾಡಿಕೊಳ್ಳುತ್ತಾರೆ, ನೆಟ್ ಹತ್ತಿರ ನಿಂತವನು ಬೆನ್ನ ಹಿಂದೆ ಬೆರಳು ತೋರಿಸುತ್ತಾನೆ. ಬೋಪಣ್ಣ 43ನೇ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ 2024ರ ಆಸ್ಟ್ರೇಲಿಯನ್ ಓಪನ್ ಗೆದ್ದಾಗ ಕೋಚ್ ಸ್ಕಾಟ್ ಡೇವಿಡಾಫ್ ಬಾಕ್ಸಿನಲ್ಲಿ ಇದ್ದರು, ಆದರೆ ಅಲ್ಲಿ ಮೊದಲ ಕೋಚ್ ಪಕ್ಕದಲ್ಲಿ ನಿಂತ ಜೊತೆಗಾರನೇ.

ಕೋಚ್ ಮಾತೇ ಬೇಡ ಅನ್ನಿಸಿದರೆ?

ಬೇಡ ಅನ್ನಬಹುದು. 2021ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಫಿಲಿಪ್ ಕ್ರಾಯಿನೋವಿಚ್ ವಿರುದ್ಧ ಮೆಡ್ವೆಡೆವ್ ಎರಡು ಸೆಟ್ ಮುಂದಿದ್ದವರು ಎರಡು ಸೆಟ್ ಕಳೆದುಕೊಂಡು, ತಮ್ಮ ಕೋಚ್ ಜಿಲ್ ಸರ್ವಾರಾ ಮೇಲೆ ನನ್ನನ್ನು ನೆಮ್ಮದಿಯಾಗಿ ಆಡಲು ಬಿಡಿ ಅಂತ ಕೂಗಿದರು. ಸರ್ವಾರಾ ಎದ್ದು ಹೊರಟೇಹೋದರು. ಮೆಡ್ವೆಡೆವ್ ಐದನೇ ಸೆಟ್ ಗೆದ್ದರು. ಎದ್ದು ಹೋಗಬೇಕಾದ ಹೊತ್ತು ಗೊತ್ತಿದ್ದವರೇ ಒಳ್ಳೆ ಕೋಚ್.

ಟ್ಯಾಬ್ಲೆಟ್, ಹೆಡ್‌ಸೆಟ್ ಇವೆಲ್ಲ ಬಂದಿದೆಯಂತೆ?

ಬಂದಿದೆ. ಡಬ್ಲ್ಯುಟಿಎ 2015ರಲ್ಲೇ ಕೋಚ್‌ಗಳಿಗೆ ಪಂದ್ಯದ ನಡುವೆ ಟ್ಯಾಬ್ಲೆಟ್‌ನಲ್ಲಿ ಅಂಕಿ-ಅಂಶ ನೋಡಲು ಬಿಟ್ಟಿತು. 2017ರಲ್ಲಿ ಮಿಲಾನ್‌ನಲ್ಲಿ ನಡೆದ, ಯುವ ಆಟಗಾರರ ನೆಕ್ಸ್ಟ್‌ಜೆನ್ ಎಟಿಪಿ ಫೈನಲ್ಸ್‌ನಲ್ಲಿ ಆಟಗಾರರು ಹೆಡ್‌ಸೆಟ್ ಹಾಕಿಕೊಂಡು ಕೋಚ್ ಜೊತೆ ಮಾತಾಡಿದರು. ಆ ದೃಶ್ಯ ನೋಡಿದರೆ ಕಾಲ್ ಸೆಂಟರ್ ನೆನಪಾಗುತ್ತಿತ್ತು.

ನಾನು ಗೆರೆ ಎಳೆಯುವುದು ಇಲ್ಲಿ. ಕೋಚ್ ತನ್ನ ಕಣ್ಣಿಂದ ನೋಡಿ, ತನ್ನ ಅನುಭವದಿಂದ ಒಂದು ಮಾತು ಹೇಳಿದರೆ ಅದು ಮನುಷ್ಯನ ಊಹೆ. ತಪ್ಪಾಗಬಹುದು, ಆಟಗಾರ ಒಪ್ಪದೇ ಇರಬಹುದು. ಆದರೆ ಎದುರಾಳಿ 30-40 ಇದ್ದಾಗ ಎರಡನೇ ಸರ್ವ್ ಎಲ್ಲಿಗೆ ಹಾಕುತ್ತಾನೆ ಅಂತ ಪರದೆ ನೋಡಿ ಕೈ ತೋರಿಸಿದರೆ ಅದು ಬೇರೆ ಆಟ. ಅಲ್ಲಿ ಗೆಲ್ಲುವುದು ಯಾರ ಬಳಿ ಒಳ್ಳೆ ಲೆಕ್ಕಿಗರ ತಂಡ ಇದೆಯೋ ಅವರು. ಕದ್ದು ಮಾಡುತ್ತಿದ್ದದ್ದನ್ನು ಬಹಿರಂಗ ಮಾಡಿ ಅನ್ಯಾಯ ಕಡಿಮೆ ಮಾಡಿದೆವು ಅಂತ ಹೇಳಿಕೊಂಡು, ಇನ್ನೊಂದು ಬಾಗಿಲಿನಿಂದ ಅದಕ್ಕಿಂತ ದೊಡ್ಡ ಅನ್ಯಾಯ ತಂದು ಕೂರಿಸಬಾರದು. ಅಂಕಿ-ಅಂಶ ಬೇಕಾದರೆ ಹಿಂದಿನ ದಿನ ರಾತ್ರಿ ಓದಿ. ಪಂದ್ಯ ಶುರುವಾದ ಮೇಲೆ ಬಾಕ್ಸಿನಲ್ಲಿ ಪರದೆ ಬೇಡ.

ಮಕ್ಕಳ ಟೂರ್ನಿಯಲ್ಲಿ ಅಪ್ಪ-ಅಮ್ಮ ಬದಿಯಿಂದ ಹೇಳಿಕೊಡಬಹುದಾ? ಈಗ ನಿಯಮ ಬದಲಾಗಿದೆಯಲ್ಲ?

ನಿಯಮ ಬದಲಾಗಿದೆ ಅಂದ ಮಾತ್ರಕ್ಕೆ ಎಲ್ಲ ಕಡೆ ಅನ್ವಯ ಅಂತಲ್ಲ. ಗ್ಯಾಲರಿ ಕೋಚಿಂಗ್ ಬಿಡಬೇಕೋ ಬೇಡವೋ ಅನ್ನುವುದು ಟೂರ್ನಿಗೆ ಮಾನ್ಯತೆ ಕೊಡುವ ಸಂಸ್ಥೆಗೆ ಬಿಟ್ಟದ್ದು. ಹಾಗಾಗಿ ಪಂದ್ಯಕ್ಕೆ ಮೊದಲು ರೆಫರಿಯನ್ನು ಕೇಳಿ, ಅವರು ಇಲ್ಲ ಅಂದರೆ ಇಲ್ಲ. ಟಿವಿಯಲ್ಲಿ ನೋಡಿದೆ ಅಂತ ವಾದಕ್ಕೆ ನಿಂತರೆ ಎಚ್ಚರಿಕೆ ಬೀಳುವುದು ನಿಮಗಲ್ಲ, ಮಗುವಿಗೆ.

ಒಂದು ವೇಳೆ ಬಿಟ್ಟರೂ ಬಾಯಿ ಹಿಡಿತದಲ್ಲಿರಲಿ. ಬೇಲಿ ಹಿಡಿದು ನಿಂತು ಪ್ರತಿ ತಪ್ಪಿಗೂ "ಏನೋ ಅದು, ಕಾಲು ಎತ್ತೋ" ಅಂತ ಗದರುವ ಅಪ್ಪಂದಿರನ್ನು ಯಾವ ಜೂನಿಯರ್ ಟೂರ್ನಿಗೆ ಹೋದರೂ ನೋಡಬಹುದು. ಮಗು ಚೆಂಡು ನೋಡುವುದು ಬಿಟ್ಟು ಅಪ್ಪನ ಮುಖ ನೋಡಲು ಶುರು ಮಾಡುತ್ತದೆ. ಎಟಿಪಿಯವರು ಅಷ್ಟು ದೊಡ್ಡವರಿಗೇ ಒಂದೆರಡು ಪದ ಸಾಕು ಅಂತ ಮಿತಿ ಹಾಕಿದ್ದರು. ಹನ್ನೆರಡು ವರ್ಷದ ಮಗುವಿಗೆ ಒಂದು ಸೆಟ್‌ಗೆ ಒಂದು ಮಾತು ಧಾರಾಳವಾಯಿತು, ಅದೂ ಬೈಗುಳ ಅಲ್ಲದ್ದು.